ಕರೆಪ್ಪನ ಹೆಸರು ಹೇಳಿದವನು ನಾನು

ಶಾಂತಕ್ಕಾ, ನಿಮ್ಮ ಅಣ್ಣ ಕರೆಪ್ಪನ ಹೆಸರು ಹೇಳಿದವನು ನಾನು. ಹೇಳಿದ್ದು ನಿಮ್ಮ ಯಜಮಾನರಾದ ಮಲ್ಲಪ್ಪನವರಲ್ಲ.

ಆಗ ನಾನು ಜಮಖಂಡಿಯಲ್ಲಿ ಪತ್ರಿಕೆಯೊಂದರ ವರದಿಗಾರ. ಕರೆಪ್ಪ ಬ್ಯಾರೇಜಿನಲ್ಲಿ ಗೇಟು ಎತ್ತುವ ದಿನಗೂಲಿ. ಆ ಸಲದ ಮಳೆಗಾಲದ ಮೊದಲಿಗೆ ಡಂಗುರ ಸಾರದೆ ನೀರು ಬಿಟ್ಟರು. ಹೊಳೆಯ ಪಾತ್ರದಲ್ಲಿ ಮೇಯುತ್ತಿದ್ದ ನಿಮ್ಮವರ ಕುರಿಗಳೆಲ್ಲ ಕೊಚ್ಚಿಹೋದವು. ಸಾರಿದ್ದೆವು ಎಂದರು ಮೇಲಿನವರು. ಕರೆಪ್ಪ ಬಸ್ ನಿಲ್ದಾಣದ ಚಹಾದಂಗಡಿಗೆ ನನ್ನನ್ನು ಕರೆದು ಹೇಳಿದ: "ಬರೀರಿ ಸಾಹೇಬ್ರ, ಖರೇನ ಡಂಗುರ ಹೊಡಿಸಿಲ್ಲ. ನನ್ನ ಹೆಸರೊಂದು ಹಾಕಬ್ಯಾಡ್ರಿ, ಹೊಟ್ಟಿಪಾಡಿನ ಕೆಲಸ ಐತಿ."

ಹಾಕಲಿಲ್ಲ. ವರದಿ ಬಂತು, ನಾನು ದೊಡ್ಡವನಾದೆ. ಮುಂದೆ ತಾಲ್ಲೂಕು ಪಂಚಾಯಿತಿ ಚುನಾವಣೆ. ಮುಖಂಡರೊಬ್ಬರು ಮನೆಗೆ ಕರೆಸಿ, ನನ್ನ ಟಿಕೆಟ್ಟಿನ ಮಾತು ಮುಗಿಸಿ, ಎಲೆಗೆ ಸುಣ್ಣ ಹಚ್ಚುತ್ತ ಕೇಳಿದರು: "ಆ ಸುದ್ದಿ ನಿಮಗ ಕೊಟ್ಟಾಂವ ಯಾರ್ರಿ?" ಹೆದರಿಸಲಿಲ್ಲ. ಎರಡನೇ ಸಲ ಕೇಳಲೂ ಇಲ್ಲ. ನಾನು — ಹೇಳಿಬಿಟ್ಟೆ.

ವಾರದೊಳಗೆ ಕರೆಪ್ಪನ ಕೆಲಸ ಹೋಯಿತು. ಅವನು ನನ್ನನ್ನು ಅನುಮಾನಿಸಲಿಲ್ಲ. ಅದೇ ಗೇಟಿನಲ್ಲಿ ಜೊತೆಗೆ ದುಡಿಯುತ್ತಿದ್ದ ಮಲ್ಲಪ್ಪನವರೇ ಬಾಯಿಬಿಟ್ಟರು ಎಂದುಕೊಂಡ. ನಿಮ್ಮನ್ನು ಹಬ್ಬಕ್ಕೆ ತವರಿಗೆ ಕರೆಯುವುದನ್ನೇ ನಿಲ್ಲಿಸಿದ. ನನ್ನ ಪ್ರಚಾರಕ್ಕೆ ಮಾತ್ರ ಊರೂರು ತಿರುಗಿದ. ಗೆದ್ದ ದಿನ ನನ್ನ ಹಣೆಗೆ ಬೀರೇಶ್ವರನ ಭಂಡಾರದ ಅರಿಶಿನ ಹಚ್ಚಿ, "ನಮ್ಮ ಸಾಹೇಬ್ರು ಜೀವಾ ಹೋದ್ರೂ ಹೆಸರು ಬಿಟ್ಟುಕೊಡೂ ಮನಷ್ಯಾ ಅಲ್ಲ" ಎಂದು ಮಂದಿಗೆಲ್ಲ ಹೇಳಿದ. ಕೈಮುಗಿದು ನಿಂತಿದ್ದೆ. ಏನೂ ಅನಿಸಲಿಲ್ಲ. ನಾಚಿಕೆಯಾದರೂ ಆಗಿದ್ದರೆ — ಅದೂ ಇಲ್ಲ.

ಕರೆಪ್ಪ ತೀರಿಕೊಂಡಾಗ ನೀವಿಬ್ಬರೂ ಬಂದಿರಿ. ಮಲ್ಲಪ್ಪನವರು ಹಿಡಿ ಮಣ್ಣು ಎತ್ತಿಕೊಂಡಿದ್ದರು. ಕರೆಪ್ಪನ ಮಗ ಅಡ್ಡ ನಿಂತ: "ಬ್ಯಾಡ ಮಾಂವಾ. ನಿನ್ನ ಕೈಲೆ ಬ್ಯಾಡ." ಅವರು ಮಣ್ಣು ಕೆಳಗೆ ಬಿಟ್ಟು, ಧೋತರಕ್ಕೆ ಕೈ ಒರಸಿಕೊಂಡರು. ಆಮೇಲೆ ಸದಸ್ಯರು ಬಂದಾರ ಎಂದು ಯಾರೋ ನನಗೆ ದಾರಿ ಬಿಟ್ಟರು. ನಾನು ಮಣ್ಣು ಹಾಕಿದೆ. ಅಲ್ಲಿ ಒಂದು ಮಾತು ಸಾಕಿತ್ತು —

ಈಗ ಸದಸ್ಯನೂ ಅಲ್ಲ, ವರದಿಗಾರನೂ ಅಲ್ಲ. ಅದಕ್ಕೇ ಹೇಳುವ ಧೈರ್ಯ ಬಂತೇನೋ; ಗೊತ್ತಿಲ್ಲ. ಬರುವ ಸೋಮವಾರ ಕರೆಪ್ಪನ ಮಗನನ್ನು ಕರೆದುಕೊಂಡು ನಿಮ್ಮ ಮನೆಗೆ ಬರುತ್ತೇನೆ. ಮಲ್ಲಪ್ಪನವರ ಎದುರು ಇದನ್ನು ಓದುತ್ತೇನೆ. ನಿಂತೇ ಓದುತ್ತೇನೆ. ನನಗೆ ಕೂಡ್ರಿ ಅನ್ನಬೇಡಿ.