ಬೋಲ್ಟ್ ಬಿಗಿದ ಮೇಲೆ ಬಾಡಿಗೆ

ಮೈಸೂರಿನ ಮೇಟಗಳ್ಳಿಯಲ್ಲಿ ಕಾರ್ಖಾನೆಗಳಿಗೆ ಶೆಡ್ಡು ಕಟ್ಟಿ ಬಾಡಿಗೆಗೆ ಕೊಡುವ ಕಂಪನಿಯೊಂದಿತ್ತು. ಅದರ ಮಾಲೀಕ ಜೀವಮಾನದಲ್ಲಿ ಒಂದು ಮೊಳೆಯನ್ನೂ ತಯಾರು ಮಾಡಿದವನಲ್ಲ. ಆದರೂ ಊರಿನ ಸಭೆಗಳಲ್ಲಿ ಅವನನ್ನು ಕೈಗಾರಿಕೋದ್ಯಮಿ ಎಂದು ಕರೆದು ಹಾರ ಹಾಕುತ್ತಿದ್ದರು. ಥೂ, ಎಂಥ ನಾಚಿಕೆಗೆಟ್ಟ ಕುತ್ತಿಗೆ! ಒಂದು ಹಾರ ಬಿದ್ದರೆ ಇನ್ನೊಂದಕ್ಕೆ ಬಾಗುತ್ತಿತ್ತು.

ತೊಂಬತ್ತರ ದಶಕದ ನಡುವಿನಲ್ಲಿ ನಾನೂ ನಮ್ಮ ಯಜಮಾನರೂ ಅವನ ಕೈಗೆ ಸಿಕ್ಕಿದೆವು. ಅದುವರೆಗೆ ಮಂಡಿ ಮೊಹಲ್ಲಾದ ಗಲ್ಲಿಯೊಂದರಲ್ಲಿ, ತಗಡು ಒತ್ತಿ ಬಿಡಿಭಾಗ ಮಾಡುವ ಸಣ್ಣ ವರ್ಕ್‌ಶಾಪ್ ನಮ್ಮದು. ಪ್ರೆಸ್ ನಡೆಸುವುದು ನಮ್ಮವರ ಕೆಲಸ. ಲೆಕ್ಕ, ಪ್ಯಾಕಿಂಗು, ಗಿರಾಕಿಗಳ ಜೊತೆ ಜಗಳ ನನ್ನದು. ನನ್ನ ಒಡವೆಗಳನ್ನೆಲ್ಲ ಮಾರಿ ದೊಡ್ಡದೊಂದು ಪ್ರೆಸ್ ಕೊಂಡೆವು. ಅದರ ಭಾರವನ್ನು ಗಲ್ಲಿಯ ನೆಲ ತಡೆಯುವುದಿಲ್ಲವೆಂದು ಮೇಟಗಳ್ಳಿಗೆ ಹೋದೆವು. ಬಾಡಿಗೆ ನಂಬಲಾಗದಷ್ಟು ಕಡಿಮೆ. ಮೂಗಿಗೆ ತುಪ್ಪ ಸವರುತ್ತಿದ್ದಾನೆಂದು ಆಗ ಹೊಳೆಯಲಿಲ್ಲ. ಕರಾರು ಹನ್ನೊಂದು ತಿಂಗಳಿಗೆ. ಎಲ್ಲ ಕಡೆಯೂ ಹಾಗೇ ಬರೆಯುವುದು ಎಂದು ನಾವೂ ರುಜು ಹಾಕಿದೆವು.

ಪ್ರೆಸ್ ಅಲುಗಾಡದೆ ನಿಲ್ಲಬೇಕಾದರೆ ನೆಲ ಅಗೆದು, ಕಬ್ಬಿಣ ಕಟ್ಟಿ, ಕಾಂಕ್ರೀಟು ತುಂಬಿ, ಅದರಲ್ಲಿ ಬೋಲ್ಟು ಹೂಳಬೇಕು. ಅದೆಲ್ಲ ನಮ್ಮ ಖರ್ಚು. ಕರೆಂಟು ಎಳೆಸಿದ್ದೂ ನಮ್ಮ ಖರ್ಚೇ. ಪೂಜೆಗೆ ಮಾಲೀಕ ತಾನೇ ಬಂದ. ನಮ್ಮವರು ಉಬ್ಬಿಹೋಗಿ ಅವನಿಗೆ ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿದರು. ಅವನು ಎರಡು ಸಲ ಪುಳಿಯೋಗರೆ ಹಾಕಿಸಿಕೊಂಡು ತಿಂದ. ಕೈ ತೊಳೆದು ಬಂದು, ಪ್ರೆಸ್ಸಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಬೋಲ್ಟು ಭದ್ರವಾಗಿ ಬಿಗಿಸಿದ್ದೀರಾ ಎಂದು ವಿಚಾರಿಸಿದ. ಎಂಥ ಕಾಳಜಿಯ ಮನುಷ್ಯ ಎಂದು ನಮ್ಮವರ ಕಣ್ಣಲ್ಲಿ ನೀರು ಬಂತು.

ಹನ್ನೊಂದು ತಿಂಗಳು ಮುಗಿದ ಕೂಡಲೇ ಬಾಡಿಗೆ ಒಂದೂವರೆ ಪಟ್ಟಾಯಿತು. ಪಕ್ಕದ ಶೆಡ್ಡಿನವರಿಗೆ ಹೇಳಿದರೆ ಅವರು ಬಿದ್ದು ಬಿದ್ದು ನಕ್ಕರು. ಅವರ ಪೂಜೆಗೂ ಬಂದಿದ್ದನಂತೆ, ಅವರ ಬೋಲ್ಟನ್ನೂ ನೋಡಿದ್ದನಂತೆ. ಆ ಆಸಾಮಿಯ ವ್ಯಾಪಾರವೇ ಅದು. ಖಾಲಿ ಶೆಡ್ಡಿಗೆ ಅಗ್ಗದ ಬಾಡಿಗೆ, ಮೆಷಿನ್ ನೆಲಕ್ಕೆ ಕಚ್ಚಿಕೊಂಡ ಮೇಲೆ ತನಗೆ ಬೇಕಾದಷ್ಟು. ಬೀದಿ ದೀಪ, ಕಾವಲು, ನೀರು ಅಂತ ಬೇರೆ ವಸೂಲಿ, ಅದರಲ್ಲೂ ಅಸಲಿನ ಮೇಲೆ ತನ್ನ ಪಾಲು ಸೇರಿಸಿಯೇ. ನಮ್ಮ ಅಡ್ವಾನ್ಸಿಗೆ ಬರುವ ಬಡ್ಡಿ ಅವನದು. ನಾವು ಕೊಡುವ ಬಾಡಿಗೆಯನ್ನೇ ಬ್ಯಾಂಕಿಗೆ ತೋರಿಸಿ ಸಾಲ ತಂದು ಮುಂದಿನ ಶೆಡ್ಡು ಕಟ್ಟುತ್ತಿದ್ದ. ಆ ಸಾಲದ ಕಂತು ಕಟ್ಟುತ್ತಿದ್ದುದೂ ಅದೇ ಬಾಡಿಗೆಯಿಂದ.

ನಾನು ಅವನ ಆಫೀಸಿಗೇ ಹೋದೆ. ನಮ್ಮವರು ಬೇಡ ಬೇಡ ಎನ್ನುತ್ತಲೇ ಹಿಂದೆ ಬಂದರು. ನೆಲ ಗಟ್ಟಿ ಮಾಡಿ ನಿಮ್ಮ ಶೆಡ್ಡಿನ ಬೆಲೆ ಹೆಚ್ಚಿಸಿದವರು ನಾವು, ಅದಕ್ಕೆ ನಮಗೇ ಬಾಡಿಗೆ ಏರಿಸುತ್ತೀರಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಕೇಳಿದೆ. ಅವನಿಗೆ ಸಿಟ್ಟೇ ಬರಲಿಲ್ಲ.

"ನಾನೇನು ನಿಮ್ಮನ್ನ ಕಟ್ಟಾಕಿದೀನೇನಮ್ಮ? ಬಾಗ್ಲು ತೆಗ್ದೇ ಇದೆ. ಮೆಷಿನ್ ಎತ್ಕೊಂಡು ಹೋಗ್ಬುಡಿ," ಎಂದ.

ಎತ್ತಿದರೆ ತಿಂಗಳುಗಟ್ಟಲೆ ಕೆಲಸ ನಿಲ್ಲುತ್ತದೆ, ಆರ್ಡರುಗಳು ಬೇರೆಯವರ ಪಾಲಾಗುತ್ತವೆ, ವರ್ಕ್‌ಶಾಪೇ ಕೈಬಿಟ್ಟು ಹೋಗುತ್ತದೆ. ಅದು ಅವನಿಗೂ ಗೊತ್ತಿತ್ತು. ನಮ್ಮವರು ಕೋಲೆ ಬಸವನ ಹಾಗೆ ತಲೆಯಾಡಿಸಿ ರುಜು ಹಾಕಿದರು. ಆಮೇಲೆ ಪ್ರತಿ ಸಲವೂ ಹಾಕಿದರು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಲ್ಲಿ ಆ ಕಡೆ ಜಾಗದ ಬೆಲೆ ಗಗನಕ್ಕೇರಿತು. ಬಾಡಿಗೆ ಅವನಿಗೆ ಬರೀ ಕೈಖರ್ಚಾಗಿತ್ತು, ನಿಜವಾದ ಲಾಭ ನೆಲದಲ್ಲಿತ್ತು ಎಂದು ಆಗ ತಿಳಿಯಿತು. ಬೆಲೆ ಬರುವ ತನಕ ಆ ನೆಲ ಕಾಯುವುದಕ್ಕೆ ಜನ ಬೇಕಿತ್ತು. ದುಡ್ಡು ಕೊಟ್ಟು ಕಾದವರು ನಾವು. ಗೋದಾಮು ಕಟ್ಟುವವರಿಗೆ ಎಲ್ಲ ಶೆಡ್ಡುಗಳನ್ನೂ ಒಟ್ಟಿಗೆ ಮಾರಿಬಿಟ್ಟ. ಹನ್ನೊಂದು ತಿಂಗಳ ಕರಾರಿನವರಿಗೆ ಪರಿಹಾರ ಎಲ್ಲಿಂದ ಬರಬೇಕು? ಜಾಗ ಖಾಲಿ ಮಾಡಿ ಎಂದರು, ಅಷ್ಟೆ.

ಐವತ್ತು ದಾಟಿದ್ದ ನಮ್ಮವರಿಗೆ ಇನ್ನೊಂದು ಕಡೆ ನೆಲ ಅಗೆಸುವ ಚೈತನ್ಯ ಇರಲಿಲ್ಲ. ಯಾರದೋ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಸೇರಲು ಒಪ್ಪಿಕೊಂಡು ಬಂದರು. ಪ್ರೆಸ್ಸನ್ನು ಗುಜರಿಯವರು ತೂಕಕ್ಕೆ ಹಾಕಿಕೊಂಡು ಹೋದರು. ಬೀಗದ ಕೈ ಒಪ್ಪಿಸುವ ದಿನ ಹೋಗಿ ನೋಡಿದರೆ, ನಮ್ಮವರು ಪಂಚೆ ಎತ್ತಿ ಕಟ್ಟಿಕೊಂಡು, ಸೀಮೆಎಣ್ಣೆಯ ಬಟ್ಟೆಯಲ್ಲಿ ನೆಲದ ಗ್ರೀಸು ಉಜ್ಜುತ್ತಿದ್ದಾರೆ. ನನಗೆ ಮೈಯೆಲ್ಲ ಉರಿದುಹೋಯಿತು. ಮಾಲೀಕನ ಮೇಲಿದ್ದ ತಿರಸ್ಕಾರ ಒಂದು ಗಳಿಗೆ ಇವರ ಮೇಲೆ ತಿರುಗಿತು. ನಾಳೆ ಒಡೆದುಹಾಕುವ ನೆಲ ಇದು, ಯಾರಿಗಾಗಿ ಈ ಸೇವೆ ಎಂದು ಕೂಗಾಡಿದೆ.

ಅವರು ತಲೆ ಎತ್ತಲಿಲ್ಲ. "ಇಷ್ಟು ವರ್ಷ ಅನ್ನ ಕೊಟ್ಟ ಜಾಗ ಕಣೇ," ಎಂದರು.

"ಅನ್ನ ಕೊಟ್ಟಿದ್ದು ನೀವು ಕಣ್ರೀ," ಎಂದೆ. "ನಮ್ಗೂ ನೀವೇ ಕೊಟ್ರಿ, ಅವನಿಗೂ ನೀವೇ ಕೊಟ್ರಿ."

ಅವರು ಬಟ್ಟೆ ಹಿಂಡಿಕೊಂಡು ಮತ್ತೆ ಉಜ್ಜತೊಡಗಿದರು.