ಹತ್ತು ಬೆರಳು, ಒಂದು ಮತ

ಮಾರ್ಚ್ ಹದಿನಾಲ್ಕರ ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ನಮ್ಮ ಬೀದಿಯ ಕನ್ನಡಿ ಅಕ್ಕನನ್ನು ಮತಗಟ್ಟೆಯಿಂದ ಹೊರಗೆ ಕಳಿಸಲಾಯಿತು. ಆಗಲೇ ಮತ ಹಾಕಿದವರು ಮತ್ತೊಮ್ಮೆ ಹಾಕಲು ಬಂದಿದ್ದಾರೆ ಎಂಬುದು ಆರೋಪ. ಸಾಲಿನಲ್ಲಿ ಅವರ ಹಿಂದೆಯೇ ನಾನಿದ್ದೆ. ಕಣ್ಣಾರೆ ಕಂಡದ್ದನ್ನಷ್ಟೇ ಬರೆಯುತ್ತಿದ್ದೇನೆ.

ಅಕ್ಕನಿಗೆ ಐವತ್ತೆಂಟು ವರ್ಷ. ಗಾಜಿಗೆ ಬೆಳ್ಳಿಯ ದ್ರಾವಣ ಹೊಯ್ದು ಕನ್ನಡಿ ಮಾಡುವ ಕೆಲಸವನ್ನು ಮಾವನಿಂದ ಕಲಿತವರು. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ: ಮಟ್ಟ ನೋಡಿ ಕೂರಿಸಿದ ಮೇಜು, ಎರಡು ಜಗ್ಗು, ಗೋಡೆಗೆ ಒರಗಿಸಿದ ಗಾಜುಗಳು. ಕೈಗವಸು ಹಾಕಿಕೊಳ್ಳಿ ಎಂದು ಸೊಸೆ ಹೇಳಿ ಹೇಳಿ ಸೋತಿದ್ದಾಳೆ. “ಗವಸು ಹಾಕ್ಕೊಂಡ್ರೆ ಗಾಜಿನ ಮೇಲಿರೋ ಧೂಳು ಬೆರಳಿಗೆ ಹೇಗಮ್ಮ ಗೊತ್ತಾಗುತ್ತೆ?” ಎಂಬುದು ಅಕ್ಕನ ಉತ್ತರ. ಹೀಗಾಗಿ ಹತ್ತೂ ಬೆರಳುಗಳಲ್ಲಿ, ಉಗುರಿನ ಬುಡದವರೆಗೆ, ಕಪ್ಪು ಕಲೆ. ಕಾಲೇಜಿನ ರಸಾಯನ ಪ್ರಯೋಗಾಲಯವನ್ನು ಮೂವತ್ತೊಂದು ವರ್ಷ ನೋಡಿಕೊಂಡ ನನಗೆ ಅದರ ಕಾರಣ ಗೊತ್ತು. ಆ ದ್ರಾವಣದಲ್ಲಿರುವುದು ಸಿಲ್ವರ್ ನೈಟ್ರೇಟ್. ಮತದಾರರ ಬೆರಳಿಗೆ ಹಚ್ಚುವ ಶಾಯಿಯಲ್ಲಿರುವುದೂ ಅದೇ.

ಪಕ್ಷವೊಂದರ ಏಜೆಂಟರಾಗಿ ಕುಳಿತಿದ್ದ ಚಪ್ಪಲಿ ಅಂಗಡಿಯವರು ಆ ಬೆರಳುಗಳನ್ನು ನೋಡಿದ್ದೇ ತಡ, ಎದ್ದು ನಿಂತರು.

“ಒಂದಲ್ಲ ಸ್ವಾಮಿ, ಹತ್ತು ಕಲೆ. ಹತ್ತು ಕಡೆ ಹಾಕಿ ಬಂದಿದ್ದಾರೆ.”

“ಮತದಾನ ಶುರುವಾದದ್ದು ಏಳಕ್ಕೆ,” ಎಂದೆ. “ಎರಡು ಗಂಟೆ ಇಪ್ಪತ್ತು ನಿಮಿಷದಲ್ಲಿ ಹತ್ತು ಮತಗಟ್ಟೆಯೆ? ನಾವು ಈ ಒಂದು ಸಾಲಿನಲ್ಲೇ ಐವತ್ತು ನಿಮಿಷದಿಂದ ನಿಂತಿದ್ದೇವೆ. ಹತ್ತು ಪಟ್ಟಿಯಲ್ಲಿ ಇವರ ಹೆಸರಿದೆಯೆ? ಅಷ್ಟೂ ಕಡೆ ಬೆರಳು ನೋಡುವವರು ನಿದ್ದೆ ಮಾಡುತ್ತಿದ್ದರೇನು?”

“ಯಜಮಾನ್ರೆ, ಇದು ನಿಮ್ಮ ಕಾಲೇಜಲ್ಲ.”

“ಅಣ್ಣ,” ಎಂದರು ಅಕ್ಕ ಸಮಾಧಾನವಾಗಿ, “ನಿಮ್ಮ ಅಂಗಡೀಲಿ ಗಿರಾಕಿಗಳ ಕಾಲು ತೋರಿಸೋ ಕನ್ನಡಿ ಇದೆಯಲ್ಲ, ಅದನ್ನ ಮಾಡಿದ್ದೂ ಇದೇ ಕೈ. ಅದನ್ನೂ ಸೇರಿಸಿ ಹನ್ನೊಂದು ಓಟು ಅಂತ ಬರ್ಕೊಳ್ಳಿ.”

ಸಾಲೆಲ್ಲ ನಕ್ಕಿತು. ಮತಗಟ್ಟೆಯ ಅಧಿಕಾರಿಗೆ ಮಾತ್ರ ನಗು ಬರಲಿಲ್ಲ. ಮತ ಹಾಕುವವರ ಸಹಿ ಪಡೆಯುವ ಪುಸ್ತಕದಲ್ಲಿ ಅಕ್ಕನ ಹೆಸರಿನ ಮುಂದೆ “ಸಂಶಯಾಸ್ಪದ” ಎಂದು ಬರೆದು ಅವರನ್ನು ಹೊರಗೆ ಕಳಿಸಿದರು.

ಅಕ್ಕ ಮನೆಗೆ ಹೋಗಲಿಲ್ಲ. ಹೊರಗಿನ ಬೆಂಚಿನ ಮೇಲೆ ಕುಳಿತರು. ಸೊಸೆ ಊಟದ ಡಬ್ಬಿಯನ್ನು ಅಲ್ಲಿಗೇ ತಂದಳು. ಎರಡೂವರೆಗೆ ಬಂದ ಮೇಲಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ: “ಇವರ ಹೆಸರಿನ ಮುಂದೆ ಸಹಿ ಇದೆಯೇನ್ರಿ?” ಇರಲಿಲ್ಲ. ಬೇರೆ ಪಟ್ಟಿಗಳಲ್ಲಿ ಹೆಸರೂ ಇರಲಿಲ್ಲ. ಮೊದಲೇ ನೋಡಿದ್ದರೆ ಎರಡು ನಿಮಿಷದ ಕೆಲಸ.

ಮತ ಹಾಕಲು ಒಪ್ಪಿಗೆಯೇನೋ ಸಿಕ್ಕಿತು, ಈಗ ಗುರುತು ಹಾಕುವುದೆಲ್ಲಿ? ಶಾಯಿ ಹಚ್ಚುವವನು ಅಕ್ಕನ ಕೈಯನ್ನು ಕೈಸಾಮುದ್ರಿಕದವನಂತೆ ತಿರುಗಿಸಿ ತಿರುಗಿಸಿ ನೋಡಿದ. ಕೊನೆಗೆ ದಾರಿ ತೋರಿಸಿದವರು ಅದೇ ಚಪ್ಪಲಿ ಅಂಗಡಿಯವರು: “ಕಾಲ್ಬೆರಳು ಖಾಲಿ ಇದೆಯಲ್ಲಪ್ಪ.”

“ಕಾಲಿನ ವಿಷಯ ನಿಮ್ಮನ್ನೇ ಕೇಳ್ಬೇಕು ಬಿಡಿ ಅಣ್ಣ,” ಎಂದು ಅಕ್ಕ ಚಪ್ಪಲಿ ಕಳಚಿದರು.

ಎಲ್ಲ ಸುಖವಾಗಿ ಮುಗಿಯಿತೆಂದುಕೊಂಡಿದ್ದೆವು. ಆದರೆ ಮೊನ್ನೆ, ಜೂನ್ ಎರಡರಂದು, ಅಕ್ಕನಿಗೆ ನೋಟೀಸು ಬಂದಿದೆ: “ಸಂಶಯಾಸ್ಪದ” ಎಂಬ ಷರಾ ಇರುವುದರಿಂದ ಮೂವತ್ತು ದಿನಗಳಲ್ಲಿ ಅವರ ಹೆಸರನ್ನು ಪಟ್ಟಿಯಿಂದ ತೆಗೆಯಲಾಗುವುದಂತೆ. ಮತದ ಹಕ್ಕು ಬಂದಂದಿನಿಂದ ಒಂದು ಚುನಾವಣೆಯನ್ನೂ ತಪ್ಪಿಸದವರ ಹೆಸರನ್ನು.

ಪಟ್ಟಿಯ ಅಧಿಕಾರಿಗಳೆ, ಆ ಷರಾ ಹೊಡೆದುಹಾಕಿ. ಅಕ್ಕನ ಹೆಸರು ಇದ್ದಲ್ಲೇ ಇರಲಿ. ಮುಂದಿನ ಸಲ ನಿಮ್ಮವರು ಮೊದಲು ಪುಸ್ತಕ ನೋಡಲಿ, ಆಮೇಲೆ ಬೆರಳು. ಇಷ್ಟನ್ನೂ ಜುಲೈ ಎರಡರೊಳಗೆ ಅಕ್ಕನಿಗೆ ಲಿಖಿತವಾಗಿ, ಸಹಿ ಸಮೇತ ತಿಳಿಸಿ.