ಗಂಗಮ್ಮನ ಮೇಜಿಗೆ ಬಂದ ಗೆಲಾಕ್ಸಿ

ಬೇಗೂರಿನ ಹಳೇ ಕೇರಿಯ ಮಾಳಿಗೆಯ ಮೇಲೆ ಆಗಷ್ಟೇ ಬೆಳಕು ಹರಿಯುತ್ತಿದೆ. ಶ್ರಾವಣದ ಮೋಡ ಅಪರೂಪಕ್ಕೆ ದಾರಿ ಬಿಟ್ಟ ರಾತ್ರಿ ಮುಗಿದಿದೆ. ವೇಣಿ ಟೆಲಿಸ್ಕೋಪಿನ ಕೊಳವೆಯ ಮೇಲಿನ ಇಬ್ಬನಿ ಒರೆಸಿ, ಕ್ಯಾಮೆರಾ ಬಿಚ್ಚಿ ಚೀಲಕ್ಕಿಡುತ್ತಾರೆ. "ಇವತ್ತು ಗೆಲಾಕ್ಸಿ ಸಿಕ್ಕೈತೆ ಅನ್ಸುತ್ತೆ ಸಾರ್," ಎಂದು ನನಗೆ ಹೇಳುವ ದನಿಯಲ್ಲಿ ನಿದ್ದೆಗೆಟ್ಟ ಸುಳಿವೇ ಇಲ್ಲ. ಇನ್ನು ಸ್ನಾನ, ತಿಂಡಿ, ಬೊಮ್ಮನಹಳ್ಳಿಯ ಗಾರ್ಮೆಂಟ್ಸಿಗೆ ಓಟ.

ಅಲ್ಲಿ ಅವರು ಚೆಕ್ಕರ್. ಹೊಲಿದು ಬಂದ ಅಂಗಿಗಳಲ್ಲಿ ತಪ್ಪು ಹುಡುಕುವುದೇ ಕಸುಬು. ಒಂದು ರಜೆಯಲ್ಲಿ ತಾರಾಲಯದ ಗೋಡೆಯ ಮೇಲೆ ಸುರುಳಿ ಗೆಲಾಕ್ಸಿಯ ಚಿತ್ರ ನೋಡಿದ್ದೇ ನೋಡಿದ್ದು, ಹುಚ್ಚು ಹತ್ತಿತು. ವೈಟ್‌ಫೀಲ್ಡಿನಿಂದ ಸೆಕೆಂಡ್ ಹ್ಯಾಂಡ್ ಟೆಲಿಸ್ಕೋಪ್ ಮನೆಗೆ ಬಂತು.

ತಾನೇ ತೆಗೆದ ದೇವಯಾನಿ ಗೆಲಾಕ್ಸಿಯ ಮೊದಲ ಚಿತ್ರವನ್ನು, ತನಗೆ ಕೆಲಸ ಕಲಿಸಿದ ಹಿರಿಯ ಚೆಕ್ಕರ್ ಗಂಗಮ್ಮನ ಮೇಜಿನ ಮೇಲಿಟ್ಟರು. ಗಂಗಮ್ಮನೋ, ಯಾರ ಮುಲಾಜಿಗೂ ಬೀಳದ ಹೆಂಗಸು.

"ಏನೇ ಇದು, ಚುಕ್ಕಿಯೆಲ್ಲಾ ನೂಲು ಎಳ್ದಂಗೈತೆ! ರಿಜೆಕ್ಟ್."

ಇಡೀ ಲೈನ್ ಗೊಳ್ಳೆಂದಿತು. ವೇಣಿಗೆ ಅಳುವೇ ಬಂತು. ಈಕೆಯ ಬಾಯಲ್ಲಿ ಪಾಸ್ ಅನ್ನಿಸದೆ ಬಿಡುವುದಿಲ್ಲ ಎಂಬ ಹಟ ಹುಟ್ಟಿದ್ದು ಅಂದೇ.

ತಪ್ಪು ಎಲ್ಲಿತ್ತು? ಭೂಮಿ ತಿರುಗಿದಂತೆ ಟೆಲಿಸ್ಕೋಪನ್ನೂ ತಿರುಗಿಸಲು ಮೋಟಾರಿದೆ. ಅದು ತಿರುಗುವ ಅಕ್ಷವನ್ನು ಧ್ರುವ ನಕ್ಷತ್ರಕ್ಕೆ ಸರಿಯಾಗಿ ಹೊಂದಿಸದಿದ್ದರೆ ಚುಕ್ಕಿಗಳು ಗೀರಾಗುತ್ತವೆ. ಬೆಂಗಳೂರಿನಲ್ಲಿ ಆ ಪುಣ್ಯಾತ್ಮನೋ ಉತ್ತರದಲ್ಲಿ ತೀರಾ ತಗ್ಗಿನಲ್ಲಿ, ಕಟ್ಟಡಗಳ ಸಂದಿಯಲ್ಲಿ ಮಿಣುಕುತ್ತಾನೆ. ವೇಣಿ ತಿಂಗಳುಗಟ್ಟಲೆ ಹೊಂದಿಸಿದ್ದು ಅವನಿಗಲ್ಲ, ಒಂದು ಅಪಾರ್ಟ್‌ಮೆಂಟಿನ ನೆತ್ತಿಯ ದೀಪಕ್ಕೆ!

"ಒಂದಿನ ಕರೆಂಟ್ ಹೋಯ್ತು ಸಾರ್. ಧ್ರುವ ನಕ್ಷತ್ರನೂ ಹೋಯ್ತು!" ಎಂದು ಈಗ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. "ಅಯ್ಯೋ ದೇವ್ರೇ, ಇಷ್ಟು ದಿನ ಬಲ್ಬಿಗೆ ನಮಸ್ಕಾರ ಹಾಕ್ತಿದ್ನಲ್ಲ ಅನ್ಸ್ತು."

ನಗರದ ಬೆಳಕಿನ ನಡುವೆ ಒಂದೇ ಏಟಿಗೆ ಗೆಲಾಕ್ಸಿ ಸಿಗುವುದಿಲ್ಲ. ನೂರಾರು ಚಿತ್ರ ತೆಗೆದು ಲ್ಯಾಪ್‌ಟಾಪಿನಲ್ಲಿ ಒಂದರ ಮೇಲೊಂದು ಕೂಡಿಸಬೇಕು. ಮೋಡ ತಾಗಿದ್ದು, ಅಲುಗಿದ್ದು ಯಾವುದನ್ನೂ ವೇಣಿಯ ಕಣ್ಣು ಬಿಡುವುದಿಲ್ಲ. "ಅಂಗಿ ಚೆಕ್ ಮಾಡ್ದಂಗೇ ಸಾರ್. ಅಯ್ಯೋ ಪಾಪ ಅಂತ ಒಂದನ್ನ ಬಿಟ್ರೂ ಎಲ್ಲಾ ಕೆಡುತ್ತೆ."

ಆ ಶ್ರಾವಣದ ರಾತ್ರಿ ತೆಗೆದ ದೇವಯಾನಿಯ ಚಿತ್ರ ಪ್ರಿಂಟಾಗಿ ಬಂದಿದೆ. ಊಟದ ಬಿಡುವಿನಲ್ಲಿ ಗಂಗಮ್ಮ ಅದನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ಅಂಚಿನಿಂದ ಅಂಚಿಗೆ ಬೆರಳಾಡಿಸುತ್ತಾರೆ. ವೇಣಿ ಆ ಬೆರಳನ್ನೇ ನೋಡುತ್ತಾ ನಿಂತಿದ್ದಾರೆ. ಬೆರಳು ಒಂದು ಕಡೆ ನಿಲ್ಲುತ್ತದೆ.

"ಇಲ್ಲೊಂದು ಕಲೆ ಐತಲ್ಲೇ."

"ಕಲೆಯಲ್ಲ ಅಕ್ಕಾ. ಅದೂ ಒಂದು ಗೆಲಾಕ್ಸಿನೇ, ಚಿಕ್ಕದು. ಇದ್ರ ಜೊತೇಲೇ ಇರುತ್ತೆ."

ಗಂಗಮ್ಮ ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡುತ್ತಾರೆ. ಸುರುಳಿಯ ಕಪ್ಪು ಎಳೆಗಳು, ಸುತ್ತ ದುಂಡನೆಯ ಚುಕ್ಕಿಗಳು.

"ಪಾಸ್."

ಚಿತ್ರವನ್ನು ಮಾತ್ರ ವಾಪಸ್ ಕೊಡುವುದಿಲ್ಲ. ಎದೆಗವಚಿಕೊಂಡು ಒಂದೊಂದೇ ಮೇಜಿಗೆ ಹೋಗುತ್ತಾರೆ: "ನಮ್ ವೇಣಿ ತೆಗ್ದಿರೋದು ಕಣ್ರೇ! ಕೆಲ್ಸ ಕಲ್ಸಿದ್ದು ನಾನೇ."